ಬ್ಯಾರೆ ಗಾಡಿ ಡಿಸ್ಕ್ ಬ್ರೇಕ್ ನಿಮ್ಮ ಗಾಡಿಗೆ: ಲಿವರ್ ಗಟ್ಟಿ ಆದ್ರ ಬ್ರೇಕ್ ಜೋರಾತೇನು?

[ಮೇಜಿನ ಮೇಲೆ ಎರಡು ಸಿರಿಂಜ್, ನಡುವೆ ಪಾರದರ್ಶಕ ನಳಿಕೆ, ಒಳಗೆ ಬಣ್ಣದ ನೀರು. ಕ್ಯಾಮೆರಾ ಕೈಗಳ ಮೇಲೆ ಮಾತ್ರ.]

ನಮಸ್ಕಾರ್ರಿ. ಈ ಎರಡು ಸಿರಿಂಜ್ ನೋಡ್ರಿ. ಒಂದು ಸಣ್ಣದು, ಒಂದು ದೊಡ್ಡದು. ಒಳಗ ನೀರು ತುಂಬೈತಿ, ಗಾಳಿ ಇಲ್ಲ. ಸಣ್ಣದನ್ನ ನಾ ಒಂದ ಬೆರಳಿಲೆ ಒತ್ತತೀನಿ. ಆ ಕಡಿ ದೊಡ್ಡದನ್ನ ನಮ್ಮ ಹುಡುಗ ಅಂಗೈ ಹಚ್ಚಿ ತಡದ್ರೂ ಅದು ಸರಕೋಂತ ಬರತೈತಿ. ಈಗ ಅದಲು ಬದಲು. ದೊಡ್ಡದು ನನ್ನ ಕೈಯಾಗ, ಸಣ್ಣದು ಅವನ ಕೈಯಾಗ. ನಾ ಎಷ್ಟು ಒತ್ತಿದ್ರೂ ಅವ ಒಂದ ಬೆರಳಿಲೆ ತಡೀತಾನ. ಇನ್ನೊಂದು ನೋಡ್ರಿ, ನನಗ ಒತ್ತೂದು ಈಗ ಗಟ್ಟಿ ಅನಸಾಕತ್ತೈತಿ. ಗಟ್ಟಿ ಆತು, ಆದ್ರ ಆ ಕಡಿ ಬಲ ಕಮ್ಮಿ ಆತು.

ನಿಮ್ಮ ಗಾಡಿ ಮುಂದಿನ ಡಿಸ್ಕ್ ಬ್ರೇಕ್ ಒಳಗ ನಡಿಯೂದು ಇದ ಕೆಲಸ. ಹ್ಯಾಂಡಲ್ ಮ್ಯಾಲಿನ ಮಾಸ್ಟರ್ ಸಿಲಿಂಡರ್ ಒಂದು ಸಿರಿಂಜ್, ಕೆಳಗ ಗಾಲಿ ಹತ್ರ, ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯೂ ಕ್ಯಾಲಿಪರ್ ಇನ್ನೊಂದು ಸಿರಿಂಜ್. ಹುಬ್ಬಳ್ಳಿ, ಧಾರವಾಡ, ಗದಗ, ಎಲ್ಲಾ ಕಡಿ ಹುಡುಗರು ಹಳೇ ಗಾಡಿಗೆ ದೊಡ್ಡ ಗಾಡಿ ಬ್ರೇಕ್ ಹಾಕಸತಾರ. ಹಾಕಿಸಿ ಲಿವರ್ ಹಿಡದು, 'ಅಣ್ಣಾ, ಭಾಳ ಗಟ್ಟಿ ಆಗೈತಿ, ಮಸ್ತ್ ಆತು' ಅಂತಾರ. ಮಸ್ತ್ ಆಗೈತೋ ಇಲ್ಲೋ ಅಂತ ತಿಳಕೊಳ್ಳಾಕ ಲಿವರ್ ಗಟ್ಟಿ ಆಗಿದ್ದು ಪುರಾವೆ ಅಲ್ರಿ. ಎರಡು ಅಳತಿ ತಗೊಂಡು ಒಂದು ಲೆಕ್ಕ ಮಾಡಬೇಕು.

[ವರ್ನಿಯರ್ ಹಿಡಿದು ಮಾಸ್ಟರ್ ಸಿಲಿಂಡರ್‌ನ ಒಳ ಅಳತೆ ತೆಗೆಯುವುದು. ಹತ್ತಿರದ ಶಾಟ್.]

ಭಾಳ ಮಾಸ್ಟರ್ ಸಿಲಿಂಡರ್ ಮ್ಯಾಲೆ ಒಳಗಿನ ಪಿಸ್ಟನ್ ಅಳತಿ ಅಚ್ಚು ಹಾಕಿರತಾರ. ಇಲ್ಲಂದ್ರ ಬಿಚ್ಚಿ ವರ್ನಿಯರ್ ಇಟ್ಟು ನೋಡ್ರಿ. ಕ್ಯಾಲಿಪರ್ ಪಿಸ್ಟನ್ನಿಂದೂ ಹಂಗ. ಉದಾಹರಣಿಗೆ ಮಾಸ್ಟರ್ 11 ಮಿಲಿಮೀಟರ್ ಅನ್ರಿ. ಕ್ಯಾಲಿಪರ್ ಒಂದ ಕಡಿ ಎರಡು ಪಿಸ್ಟನ್ ಇದ್ದದ್ದು, ಒಂದೊಂದು 26 ಮಿಲಿಮೀಟರ್.

ವೃತ್ತದ ಕ್ಷೇತ್ರಫಲ ತೆಗಿಯಾಕ ಪೈ ಬೇಕಲ್ಲ ಅಂತೀರಿ. ಬ್ಯಾಡ್ರಿ, ಮ್ಯಾಲೆ ಕೆಳಗ ಎರಡೂ ಕಡಿ ಇರೂದರಿಂದ ಅದು ಹೊಡದು ಹೋಗತೈತಿ. 26ನ್ನ 26ರಿಂದ ಗುಣಿಸಿದ್ರ 676. ಎರಡು ಪಿಸ್ಟನ್, ಅಂದ್ರ 1352. ಮಾಸ್ಟರ್ 11ನ್ನ 11ರಿಂದ ಗುಣಿಸಿದ್ರ 121. 1352ನ್ನ 121ರಿಂದ ಭಾಗಿಸ್ರಿ. 11.2 ಬರತೈತಿ. ಲಿವರ್ ಮಾಸ್ಟರ್ ಪಿಸ್ಟನ್ ಮ್ಯಾಲೆ ಹಾಕಿದ ಬಲ ಪ್ಯಾಡ್ ಹತ್ರ 11.2 ಪಟ್ಟು ಆಗತೈತಿ ಅಂತ ಅರ್ಥ.

ಈಗ ಇದ ಕ್ಯಾಲಿಪರ್ ಇಟ್ಟು, ಮಾಸ್ಟರ್ ಅಷ್ಟ ಒಂದು ದೊಡ್ಡ ಗಾಡಿದು ಹಾಕಿದ್ರಿ, 14 ಮಿಲಿಮೀಟರಿಂದು. 14 ಗುಣಿಸು 14 ಅಂದ್ರ 196. 1352 ಭಾಗಿಸು 196, ಬಂದದ್ದು 6.9. ಮೊದಲಿನಷ್ಟ ಕೈಬಲಕ್ಕ ಬ್ರೇಕ್ 38 ಪರ್ಸೆಂಟ್ ಕಮ್ಮಿ! ಲಿವರ್ ಮಾತ್ರ ಕಲ್ಲಿನಂಗ ಗಟ್ಟಿ. ರೊಕ್ಕಾ ಕೊಟ್ಟು ಬ್ರೇಕ್ ಕಮ್ಮಿ ಮಾಡಿಸಿಕೊಂಡಂಗಾತು. ಗಾಡಿ ಓಡಿಸಾವ ಮಾತ್ರ ಜೋರಾಗೈತಿ ಅಂತ ನಂಬಿರತಾನ. ನನಗ ಹೆದರಿಕಿ ಬರೂದು ಈ ನಂಬಿಕಿದ್ದ.

ಉಲ್ಟಾ ಮಾಡಿದ್ರ ಏನಾಗತೈತಿ? ಸಣ್ಣ ಮಾಸ್ಟರ್ ಇಟ್ಟು ದೊಡ್ಡ ಕ್ಯಾಲಿಪರ್ ಹಾಕಿದ್ರ ಲೆಕ್ಕದಾಗ ಬಲ ಏರತೈತಿ, ಖರೇ. ಆದ್ರ ದೊಡ್ಡ ಪಿಸ್ಟನ್ ಮುಂದ ಸರಿಯಾಕ ಹೆಚ್ಚು ಆಯಿಲ್ ಬೇಕು, ಸಣ್ಣ ಮಾಸ್ಟರ್ ಒಂದು ಒತ್ತಿಗೆ ಅಷ್ಟು ಕಳಸೂದಿಲ್ಲ. ಲಿವರ್ ಗ್ರಿಪ್ಪಿಗೆ ಬಂದು ತಾಗತೈತಿ. ಬಿಸಿ ಆದಾಗ ಇನ್ನೂ ಒಳಗ ಬರತೈತಿ. ಅದಕ್ಕ ದಾನಿ ಗಾಡಿಯಿಂದ, ಅಂದ್ರ ಸಾಮಾನು ಬಿಚ್ಚಿಕೊಳ್ಳೂ ಆ ಬ್ಯಾರೆ ಗಾಡಿಯಿಂದ, ತರೂದಾದ್ರ ಕ್ಯಾಲಿಪರ್, ಮಾಸ್ಟರ್ ಎರಡೂ ಜೋಡಿಲೆ ತರ್ರಿ. ಆ ಕಂಪನಿ ಎಂಜಿನಿಯರ್ ಆ ಲೆಕ್ಕ ಆಗಲೇ ಮಾಡಿಟ್ಟಾನ.

[ಎರಡು ಕ್ಯಾಲಿಪರ್ ಪಕ್ಕ ಪಕ್ಕ: ಒಂದು ಪಿನ್ನಿನ ಮೇಲೆ ಜಾರುವುದು, ಇನ್ನೊಂದು ನಾಲ್ಕು ಪಿಸ್ಟನ್‌ನದು.]

ನಾಲ್ಕು ಪಿಸ್ಟನ್ ಅಂದ ಕೂಡಲೇ ಎರಡರ ಡಬಲ್ ಅಂತ ತಿಳಕೋಬ್ಯಾಡ್ರಿ. ಈ ಕಡಿದು ಪಿನ್ನಿನ ಮ್ಯಾಲೆ ಜಾರೂದು. ಒಂದ ಕಡಿ ಪಿಸ್ಟನ್ ಒತ್ತತಾವು, ಇಡೀ ಕ್ಯಾಲಿಪರ್ ಸರದು ಆ ಕಡಿ ಪ್ಯಾಡನ್ನ ಎಳಕೊಂಡು ಬರತೈತಿ. ಈ ನಾಲ್ಕರದು ಅಲ್ಲಾಡೂದಿಲ್ಲ, ಎರಡೂ ಕಡಿಯಿಂದ ಎರಡೆರಡು ಎದುರಾಬದುರು ಒತ್ತತಾವು. ಲೆಕ್ಕಕ್ಕ ಒಂದ ಕಡಿದು ಎರಡನ್ನ ಹಿಡೀಬೇಕು. ಪಿಸ್ಟನ್ 26 ಮಿಲಿಮೀಟರ್ ಇದ್ರ ಅದೂ 11.2, ಇದೂ 11.2. ನಾಲ್ಕರದರ ಲಾಭ ಬ್ಯಾರೆ ಐತಿ: ಮೈ ಬಿಗಿ ಇರತೈತಿ, ಜಾರೂ ಪಿನ್ ಹಿಡಕೊಂಡು ಕುಂತಿತು ಅನ್ನೂ ಕಾಟ ಇಲ್ಲ, ಪ್ಯಾಡ್ ಎರಡೂ ಸಮ ಸವೀತಾವು. ಕೆಟಿಎಂ ಡ್ಯೂಕ್ 390 ಮುಂದ ಇರೂ ಬೈಬ್ರೆ ಕ್ಯಾಲಿಪರ್ ಈ ಜಾತಿದು. ಬೈಬ್ರೆ ಅಂದ್ರ ಇಟಲಿಯ ಬ್ರೆಂಬೋ ಕಂಪನಿಯವರದ ಬ್ರ್ಯಾಂಡ್. ಆದ್ರ ಅದರ ಬೋಲ್ಟ್ ಕೂಡೂ ರೀತಿನ ಬ್ಯಾರೆ, ಹಿಂದಿನಿಂದ ನೆಟ್ಟಗ ಬರತಾವು. ನಮ್ಮ ಸಣ್ಣ ಗಾಡಿ ಫೋರ್ಕಿಗೆ, ಅಂದ್ರ ಮುಂದಿನ ಗಾಲಿ ಹಿಡದ ಕಾಲಿಗೆ, ಬೋಲ್ಟ್ ಪಕ್ಕದಿಂದ ಅಡ್ಡಲಾಗಿ ಬರತಾವು. ಒಂದಕ್ಕೊಂದು ಕೂಡೂದಿಲ್ಲ.

[ಹಳೇ ಪಲ್ಸರ್ 150 ಸ್ಟ್ಯಾಂಡಿನ ಮೇಲೆ, ಮುಂದಿನ ಗಾಲಿ ಎತ್ತರದಲ್ಲಿ.]

ಈಗ ಒಂದು ಗಾಡಿ ಹಿಡದು ಮಾತಾಡೂಣು. ಹಳೇ ಪಲ್ಸರ್ 150, ಮುಂದ 240 ಮಿಲಿಮೀಟರ್ ಡಿಸ್ಕ್. ಹಳೇ ಪಲ್ಸರ್ 220ಕ್ಕ ಮುಂದ 260. ಎಲ್ಲಾರೂ ಕೇಳೂದು ಇದನ್ನ, ಆ ಡಿಸ್ಕ್ ಇದಕ್ಕ ಹಾಕಬಹುದೇನು?

20 ಮಿಲಿಮೀಟರ್ ಅಗಲ ಅಂದ್ರ ಮಧ್ಯದಿಂದ ಹೊರಗ 10 ಮಿಲಿಮೀಟರ್. ಪ್ಯಾಡ್ ಡಿಸ್ಕಿನ ತುದಿಗೆ ಹಿಡಿಯೂದಿಲ್ಲ, ಒಂದೀಟು ಒಳಗ ಹಿಡೀತೈತಿ. ಅಂದ್ರ ಸುಮಾರು 100 ಮಿಲಿಮೀಟರ್ ದೂರದಾಗ ಹಿಡಿಯೂದು 110ರಾಗ ಹಿಡೀತೈತಿ. ಹತ್ತು ಪರ್ಸೆಂಟ್ ಲಾಭ, ಅಷ್ಟ. ಆ ಹತ್ತರ ಸಲುವಾಗಿ ಕ್ಯಾಲಿಪರನ್ನ 10 ಮಿಲಿಮೀಟರ್ ಹೊರಗ ಸರಸಬೇಕು. ಅಲ್ಲೇ ಬ್ರ್ಯಾಕೆಟ್ ಬರತೈತಿ, ಲೇಥಿನ ಅಂಗಡಿ ಬರತೈತಿ.

ಬ್ರ್ಯಾಕೆಟ್ ವಿಷಯದಾಗ ನಾ ಬಾಯಿಬಿಟ್ಟು ಬೇಡಕೋತೀನಿ, ವೆಲ್ಡ್ ಮಾಡಿದ್ದು ಹಾಕಬ್ಯಾಡ್ರಿ. ಯಾಕ ಅಂತ ಲೆಕ್ಕ ನೋಡ್ರಿ. ಗಾಡಿ, ನೀವು ಕೂಡಿ 220 ಕೆಜಿ. ಜೋರಾಗಿ ಬ್ರೇಕ್ ಹಿಡದಾಗ ತೂಕ ಎಲ್ಲಾ ಮುಂದ ಬರತೈತಿ, ಬ್ರೇಕಿನ ಕೆಲಸದಾಗ ದೊಡ್ಡ ಪಾಲು ಮುಂದಿನ ಗಾಲಿದ. ರಸ್ತೆ ಟೈರನ್ನ ಹಿಂದಕ್ಕ ಎಳಿಯೂದು ಆಕ್ಸಲಿಂದ ಸುಮಾರು 30 ಸೆಂಟಿಮೀಟರ್ ದೂರದಾಗ, ಪ್ಯಾಡ್ ಹಿಡಿಯೂದು ಬರೇ 11 ಸೆಂಟಿಮೀಟರ್ ದೂರದಾಗ. ಹಂಗಾಗಿ ಆ ಎಳೆತ ಕ್ಯಾಲಿಪರಿಗೆ ಬರೂದರೊಳಗ ಎರಡೂವರಿ ಪಟ್ಟಿಗಿಂತ ಜಾಸ್ತಿ ಆಗತೈತಿ, 300 ಕೆಜಿಗೂ ಮ್ಯಾಲೆ. ಅದು ಎರಡು ಬೋಲ್ಟಿನ ಮ್ಯಾಲೆ ಬೀಳತೈತಿ. ಬ್ರ್ಯಾಕೆಟ್ ಮುರದ್ರ ಕ್ಯಾಲಿಪರ್ ಕಡ್ಡಿಗೋ ಅಲಾಯ್ ಗಾಲಿಗೋ ಸಿಕ್ಕು ಗಾಲಿ ಒಮ್ಮೆಲೇ ನಿಲ್ಲತೈತಿ.

ಅದಕ್ಕ ಮೊದಲನೇ ಆಯ್ಕೆ ದಾನಿ ಗಾಡಿದ ಕ್ಯಾಲಿಪರ್, ಅದರ ಬ್ರ್ಯಾಕೆಟ್, ಅದು ಕೂಡೂ ಫೋರ್ಕ್, ಗಾಲಿ, ಆಕ್ಸಲ್ ಎಲ್ಲಾ ಒಂದ ಸೆಟ್. ಬ್ರ್ಯಾಕೆಟ್ ಮಾಡಿಸಲೇಬೇಕಂದ್ರ ಒಂದ ದಪ್ಪ ಪ್ಲೇಟಿನಾಗ ಕೊರದು ತೆಗದದ್ದು ಆಗಬೇಕು. ಬೋಲ್ಟಿನ ತಲಿ ಮ್ಯಾಲೆ 8.8 ಅಂತ ಅಚ್ಚು ಇರಬೇಕು, ಅದಕ್ಕಿಂತ ಕೆಳಗಿಂದು ಬ್ಯಾಡ.

ಕೂಡಿಸಿದ ಮ್ಯಾಲೆ ಗಾಲಿ ಕೈಲೆ ತಿರುವಿ ನೋಡ್ರಿ. ಪ್ಯಾಡ್ ಡಿಸ್ಕಿನ ಅಂಚು ದಾಟಿ ಹೊರಗ ಹೋಗಬಾರದು, ಒಳಗಿನ ಕಾಲುಗಳಿಗೂ ತಾಗಬಾರದು. ಡಿಸ್ಕ್ ಕ್ಯಾಲಿಪರಿನ ನಟ್ಟನಡುವ ಇರಬೇಕು. ಡಿಸ್ಕಿನ ದಪ್ಪಾನೂ ನೋಡ್ರಿ. ಸವದು ಎಷ್ಟಕ್ಕ ಬಂದ್ರ ತೆಗೀಬೇಕು ಅಂತ ಡಿಸ್ಕ್ ಮ್ಯಾಲ ಬರದಿರತೈತಿ. 5 ಮಿಲಿಮೀಟರ್ ಡಿಸ್ಕಿನ ಕ್ಯಾಲಿಪರಿಗೆ 4 ಮಿಲಿಮೀಟರ್ ಡಿಸ್ಕ್ ಹಾಕಿದ್ರ, ಪ್ಯಾಡ್ ಸವದ ಹೊತ್ತಿಗೆ ಪಿಸ್ಟನ್ ಭಾಳ ಹೊರಗ ಬಂದಿರತಾವು.

[ಬ್ಯಾಂಜೋ ಬೋಲ್ಟ್ ಎರಡು, ಅಂಗೈಯಲ್ಲಿ.]

ಪೈಪ್ ಕೂಡಸೂ ಈ ತೂತಿನ ಬೋಲ್ಟ್ ನೋಡ್ರಿ, ಬ್ಯಾಂಜೋ ಬೋಲ್ಟ್. ಎರಡೂ 10 ಮಿಲಿಮೀಟರ್, ನೋಡಾಕ ಒಂದ. ಜಪಾನ್ ಪದ್ಧತಿದರಾಗ ಮರಿ (ಥ್ರೆಡ್) ನಡುವಿನ ಅಂತರ 1.25 ಮಿಲಿಮೀಟರ್, ಬ್ರೆಂಬೋದವರದರಾಗ 1.0. ಒಂದರದು ಇನ್ನೊಂದಕ್ಕ ಹಾಕಿದ್ರ ಎರಡು ಸುತ್ತು ಹೋಗತೈತಿ, ಆಮ್ಯಾಲೆ ಬಿಗಿ. ಸ್ಪ್ಯಾನರ್ ಹಾಕಿ ತಿರುವಿದ್ರ ಕ್ಯಾಲಿಪರಿನ ಅಲ್ಯೂಮಿನಿಯಂ ಮರಿ ಹೋತು. ಕೈಲೆ ಪೂರಾ ಹೋಗಬೇಕು, ಆಮ್ಯಾಲೆ ಸ್ಪ್ಯಾನರ್. ತಾಮ್ರದ ವಾಶರ್ ಪ್ರತಿ ಸಲ ಹೊಸಾವು ಹಾಕ್ರಿ.

ಕ್ಯಾಲಿಪರ್ ಬ್ಯಾರೆ ಗಾಡಿದು ಅಂದ ಮ್ಯಾಲೆ ಗಾಳಿ ತೆಗಿಯೂ ನಿಪ್ಪಲ್ ಎಲ್ಲಿ ಬರತೈತಿ ನೋಡ್ರಿ. ಬಲಗಡಿದ್ದನ್ನ ಎಡಗಡಿ ತಿರುವಿ ಹಾಕಿದ್ರ ನಿಪ್ಪಲ್ ಕೆಳಗ ಹೋಗತೈತಿ. ಗಾಳಿ ಮ್ಯಾಲೆ ಏರೂದು, ನಿಪ್ಪಲ್ ಕೆಳಗ ಐತಿ ಅಂದ್ರ ಇಡೀ ದಿನ ಪಂಪ್ ಮಾಡಿದ್ರೂ ಗಾಳಿ ಒಳಗ ಉಳೀತೈತಿ. ಪೈಪ್ ಉದ್ದ ಅಳಿಯೂ ಮುಂದ ಗಾಡಿ ಎತ್ತಿ ಫೋರ್ಕ್ ಪೂರಾ ಬಿಡ್ರಿ, ಹ್ಯಾಂಡಲ್ ಎರಡೂ ಕಡಿ ಪೂರಾ ತಿರುವ್ರಿ. ಎಲ್ಲೂ ಜಗ್ಗಬಾರದು. ಮಾಸ್ಟರ್ ಬದಲಿ ಮಾಡಿದ್ರ ಬ್ರೇಕ್ ಲೈಟಿನ ಸ್ವಿಚ್ಚು ಕೂಡತೈತೋ ಇಲ್ಲೋ ನೋಡ್ರಿ. ಬ್ರೇಕ್ ಜೋರಾಗಿ, ಹಿಂದ ಕೆಂಪು ದೀಪ ಹತ್ತಲಿಲ್ಲ ಅಂದ್ರ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ ದಾರಿ ಪಕ್ಕದ ಗದ್ದಲದಾಗ ಹಿಂದಿನವ ನಿಮ್ಮ ಮ್ಯಾಲ ಬರತಾನ.

ನಮ್ಮ ಗ್ಯಾರೇಜಿನ್ಯಾಗ ಒಂದು ರೂಢಿ ಐತಿ, ಬಿಚ್ಚಿದ್ದೆಲ್ಲಾ ಪೆಟ್ರೋಲಿನ್ಯಾಗ ತೊಳಿಯೂದು. ಎಂಜಿನ್ ಸಾಮಾನಿಗೆ ಸರಿ. ಬ್ರೇಕಿನ ರಬ್ಬರ್ ಸೀಲ್ ಬ್ಯಾರೆ ಜಾತಿವು, ಪೆಟ್ರೋಲ್, ಡೀಸೆಲ್, ಸೀಮೆಎಣ್ಣಿ, ಸಾದಾ ಗ್ರೀಸ್ ತಾಗಿದ್ರ ಉಬ್ಬತಾವು. ಬ್ರೇಕ್ ಆಯಿಲಿನ್ಯಾಗ ತೊಳೀರಿ, ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಚ್ಚರಿ. ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಮ್ಯಾಲಿನ ಮುಚ್ಚಳದಾಗ ಏನ್ ಬರದೈತೋ ಅದ ಹಾಕ್ರಿ, ಬಹುತೇಕ ಡಾಟ್ 3 ಇಲ್ಲಾ ಡಾಟ್ 4. ಹೊಸಾ ಡಾಟ್ 4 ಕುದಿಯಾಕ ಕಮ್ಮಿ ಅಂದ್ರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿಯೊಳಗಿನ ನೀರು ಹೀರಿಕೊಂಡ ಮ್ಯಾಲೆ ಆ ಮಿತಿ 155ಕ್ಕ ಇಳೀತೈತಿ. ಧಾರವಾಡದ ಜಿಟಿಜಿಟಿ ಮಳಿಯಾಗ ನಿಂತ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿ ಆಗಲೇಬೇಕು.

ಅದಕ್ಕ ನನ್ನ ಮಾತು ಕೇಳ್ರಿ. ಗುಜರಿಗೆ ಹೋಗೂ ಮೊದಲ ನಿಮ್ಮದ ಗಾಡಿದ ಪ್ಯಾಡ್ ಹೊಸಾವು, ಪೈಪ್ ಹೊಸಾದು, ಆಯಿಲ್ ಹೊಸಾದು, ಪಿನ್ ಸ್ವಚ್ಛ, ಇಷ್ಟು ಮಾಡ್ರಿ. ಹತ್ತು ವರ್ಷದ ರಬ್ಬರ್ ಪೈಪ್ ಒತ್ತಿದಾಗ ಉಬ್ಬತೈತಿ, ನಿಮ್ಮ ಕೈಬಲ ಅಲ್ಲೇ ಮುಗೀತೈತಿ. ಭಾಳ ಮಂದಿಗೆ ಇಷ್ಟ ಸಾಕಾಗತೈತಿ.

[ಪರದೆಯ ಮೇಲೆ ಬರಹ: ಕಲಂ 52, ಕಲಂ 182ಎ.]

ಕಾಯ್ದೆದ್ದೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆ ಕಲಂ 52ರ ಪ್ರಕಾರ ಗಾಡಿ ಕಂಪನಿ ಮಾಡಿದ ವಿವರಕ್ಕ ಹೊಂದದಂಗ ಬದಲಿ ಮಾಡಾಂಗಿಲ್ಲ. 2019ರಾಗ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡದೈತಿ. ಅದ ವರ್ಷದ ತಿದ್ದುಪಡಿಯಿಂದ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣಿಗೆ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಕೆಎ 25 ಇರಲಿ, 63 ಇರಲಿ, 26, 27 ಇರಲಿ, ಕೆಲಸ ಚಾಲೂ ಮಾಡೂ ಮೊದಲ ನಿಮ್ಮ ಆರ್‌ಟಿಓ ಆಫೀಸಿನ್ಯಾಗ ಕೇಳ್ರಿ, ಇನ್ಶೂರೆನ್ಸಿನವರಿಗೂ ಕೇಳ್ರಿ. ಎಬಿಎಸ್, ಅಂದ್ರ ಗಾಲಿ ಲಾಕ್ ಆಗದಂಗ ತಡಿಯೂ ವ್ಯವಸ್ಥಾ, ಇರೂ ಗಾಡಿ ಅಂತೂ ಮುಟ್ಟಬ್ಯಾಡ್ರಿ. 2019ರ ಏಪ್ರಿಲ್ 1ರಿಂದ 125 ಸಿಸಿ ಮ್ಯಾಲಿನ ಹೊಸಾ ಗಾಡಿಗೆಲ್ಲಾ ಅದು ಕಡ್ಡಾಯ. ಅದರ ಸೆನ್ಸರು, ಹಲ್ಲಿನ ರಿಂಗು, ಒಳಗಿನ ಲೆಕ್ಕ ಎಲ್ಲಾ ಆ ಬ್ರೇಕಿಗೇ ಕೂಡಿಸಿದ್ದು.

[ಮಳೆ ನಿಂತ ಮೇಲೆ ಅಣ್ಣಿಗೇರಿ ಕಡೆಯ ರಸ್ತೆ. ಟ್ರ್ಯಾಕ್ಟರ್ ಗಾಲಿಯ ಗುರುತು, ಡಾಂಬರಿನ ಮೇಲೆ ಕಪ್ಪು ಮಣ್ಣು.]

ಬ್ರೇಕ್ ಎಷ್ಟ ಜೋರ ಮಾಡ್ರಿ, ಗಾಡಿ ನಿಲ್ಲಸೂದು ಕಡೀಕ ಟೈರು. ಒಣ ಡಾಂಬರಿನ ಮ್ಯಾಲೆ, ಒಳ್ಳೆ ಟೈರು ಹಿಡಿತ ಬಿಡದಂಗ ಚೊಲೊ ಬ್ರೇಕ್ ಹಿಡದ್ರ, 60ರ ವೇಗದಿಂದ ನಿಲ್ಲಾಕ ಸುಮಾರು 20 ಮೀಟರ್ ಬೇಕು. 80ರಿಂದ 36 ಮೀಟರ್. ನೋಡಿ ಕೈ ಲಿವರಿಗೆ ಹೋಗೂ ಆ ಒಂದು ಸೆಕೆಂಡಿನ್ಯಾಗ 60ರಾಗ ಹೋದ 17 ಮೀಟರ್ ಇದರಾಗ ಸೇರಿಲ್ಲ. ಗದಗ ರಸ್ತೆ, ನವಲಗುಂದ ರಸ್ತೆ ಮ್ಯಾಲೆ ಹೊಲದಿಂದ ಬಂದ ಟ್ರ್ಯಾಕ್ಟರ್ ಎರಿಮಣ್ಣು ಉದುರಿಸಿ ಹೋಗಿರತಾವು. ಮಳಿ ಹನಿ ಬಿದ್ದ ಕೂಡಲೇ ಅಲ್ಲಿ ಹಿಡಿತನ ಇರೂದಿಲ್ಲ. ಅಂಥಲ್ಲಿ ದೊಡ್ಡ ಬ್ರೇಕ್ ಮಾಡೂದು ಒಂದ, ಮುಂದಿನ ಗಾಲಿ ಲಗೂನ ಲಾಕ್ ಆಗತೈತಿ. ಮುಂದಿನ 80/100-17 ಟೈರ್ ಸವದು ಹಲ್ಲು ಹೋಗಿದ್ರ ಬ್ರೇಕಿನ ರೊಕ್ಕಾ ಮೊದಲ ಟೈರಿಗೆ ಹಾಕ್ರಿ.

ಕೆಲಸ ಮುಗದ ದಿನ ಲಿವರ್ ಬಿಗಿಯಾಗಿ ಹಿಡದು ಹಂಗ ನಿಂದರ್ರಿ. ನಿಧಾನ ಒಳಗ ಹೋಗಾಕತ್ತಿದ್ರ ಎಲ್ಲೋ ಸೋರಾಕತ್ತೈತಿ, ಗಾಡಿ ಹೊರಗ ತೆಗೀಬ್ಯಾಡ್ರಿ. ಸ್ಪಂಜಿನಂಗ ಅನಿಸಿದ್ರ ಗಾಳಿ ಐತಿ. ಲಿವರ್ ಬಿಟ್ಟ ಮ್ಯಾಲೆ ಗಾಲಿ ಸಲೀಸಾಗಿ ತಿರುಗಬೇಕು. ಆಮ್ಯಾಲೆ ಖಾಲಿ ಮೈದಾನದಾಗ 40ರ ವೇಗಕ್ಕ ಹೋಗಿ, ನಿಲ್ಲಸದಂಗ 10ಕ್ಕ ಇಳಸ್ರಿ. ಹಿಂಗ ಹತ್ತಿಪ್ಪತ್ತು ಸಲ, ನಡುನಡುವ ತಣ್ಣಗಾಗಾಕ ಬಿಡ್ರಿ. ಹೊಸಾ ಪ್ಯಾಡ್ ಡಿಸ್ಕಿಗೆ ಕೂಡಾಕ ಇಷ್ಟು ಬೇಕು. ಮರುದಿನ ಗಾಡಿ ತಣ್ಣಗ ಇದ್ದಾಗ ಕ್ಯಾಲಿಪರ್ ಬೋಲ್ಟ್, ಬ್ಯಾಂಜೋ ಬೋಲ್ಟ್, ಆಕ್ಸಲ್ ನಟ್ ಮತ್ತೊಮ್ಮೆ ಟಾರ್ಕ್ ಸ್ಪ್ಯಾನರ್ ಹಚ್ಚಿ ನೋಡ್ರಿ, ಬ್ಯಾಂಜೋ ಸುತ್ತ ಒಣಾ ಬಟ್ಟಿಲೆ ಒರಸ್ರಿ. ಬಟ್ಟಿಗೆ ಹಸಿ ಹತ್ತಿದ್ರ ವಾಶರ್ ಬಿಚ್ಚಿ ಹೊಸಾದು ಹಾಕಿ, ಗಾಳಿ ಮತ್ತ ತೆಗೀರಿ.