ಹಳೇ ಸೆಟ್ ಕೊಳ್ಳುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಒಂದು ಕಾಲದಲ್ಲಿ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ಆಗಿದ್ದು, ನಡುವೆ ಬಿಟ್ಟುಹೋದವರ ಜೊತೆ ಇವತ್ತು ನನ್ನ ಮಾತು. ಕಾಲೇಜಿನ ದಿನಗಳಲ್ಲಿ ಪರೀಕ್ಷೆ ಬರೆದು, ರೇಡಿಯೊದಲ್ಲಿ ನಿಮ್ಮ ಗುರುತಾದ ಕಾಲ್‌ಸೈನ್ ತೆಗೆದುಕೊಂಡಿರಿ. ಆಮೇಲೆ ಕೆಲಸ, ವರ್ಗ, ಮಕ್ಕಳ ಓದು. ಸೆಟ್ ಮಾರಿದ್ದಾಯಿತು, ಲೈಸೆನ್ಸಿನ ಅವಧಿಯೂ ಮುಗಿಯಿತು. ಈಗ ನಿವೃತ್ತರಾಗಿ ಬೇಲೂರಿಗೋ ಸಕಲೇಶಪುರಕ್ಕೋ ಮೂಡಿಗೆರೆಗೋ ವಾಪಸ್ ಬಂದಿದ್ದೀರಿ. ಮನಸ್ಸು ಮತ್ತೆ ರೇಡಿಯೊ ಕಡೆ ಎಳೆಯುತ್ತಿದೆ. ಇಂಥವರು ಮೊದಲು ಹುಡುಕುವುದು ಸೆಕೆಂಡ್ ಹ್ಯಾಂಡ್ ಸೆಟ್. ದಯವಿಟ್ಟು ಹಾಗೆ ಮಾಡಬೇಡಿ. ಸೆಟ್ ಕೊನೆಗಿರಲಿ.

ಮೊದಲು ಲೈಸೆನ್ಸ್. ಟ್ರಾನ್ಸ್‌ಮೀಟರ್ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕು. ಮಾತಾಡುವುದಿಲ್ಲ, ಸುಮ್ನೆ ಇಟ್ಟುಕೊಂಡಿದ್ದೇನೆ ಅಂದರೆ ನಡೆಯುವುದಿಲ್ಲ. ಮಾರುವವರು ಕೂಡ ಲೈಸೆನ್ಸ್ ಇದ್ದವರಿಗೇ ಕೊಡಬೇಕು. ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿಯನ್ನು ಈಗ ಸರಳ್ ಸಂಚಾರ್ ಎಂಬ ಪೋರ್ಟಲ್‌ನಲ್ಲಿ ಹಾಕಬೇಕು. ಹಳೇ ಟ್ರಂಕು, ಬೀರು ಎಲ್ಲ ಜಾಲಾಡಿ ಹಿಂದಿನ ಲೈಸೆನ್ಸ್, ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ತೆಗೆದಿಡಿ. ಅವು ಕೈಯಲ್ಲಿದ್ದರೆ ಇಲಾಖೆಯ ಜೊತೆ ಮಾತು ಸಲೀಸು. ಬೆಂಗಳೂರಿನ ವಿಳಾಸದಲ್ಲಿ ಲೈಸೆನ್ಸ್ ಇದ್ದು, ಈಗ ಊರಿಗೆ ಬಂದು ನೆಲೆಸಿದ್ದರೆ ವಿಳಾಸ ಬದಲಾದದ್ದನ್ನೂ ತಿಳಿಸಬೇಕು.

ಮತ್ತೆ ಪರೀಕ್ಷೆ ಬರೆಯುವ ಪ್ರಸಂಗ ಬಂದರೆ ಹೆದರಬೇಡಿ. ನಿಮ್ಮ ಕಾಲದ ಗ್ರೇಡ್ ಒಂದು, ಗ್ರೇಡ್ ಎರಡು ಈಗಿಲ್ಲ. ರಿಸ್ಟ್ರಿಕ್ಟೆಡ್, ಜನರಲ್ ಅಂತ ಎರಡೇ ದರ್ಜೆ. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್, ಅಂದರೆ ಚುಕ್ಕಿ-ಗೆರೆಯ ಸಂಕೇತ, ಬೇಡ. ಜನರಲ್‌ಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಕಳಿಸಬೇಕು, ಕೇಳಿ ಬರೆಯಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ಮನೆಯಲ್ಲಿ ಆ ವಯಸ್ಸಿನ ಮೊಮ್ಮಗಳಿದ್ದರೆ ಅವಳನ್ನೂ ಜೊತೆಗೆ ಓದಿಸಿ. ಇಬ್ಬರಿಗೂ ಒಳ್ಳೆಯದು.

ಓದುತ್ತಿರುವಾಗಲೇ ಕೇಳುವುದನ್ನೂ ಶುರು ಮಾಡಿ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ರಿಸೀವರನ್ನು ಇಂಟರ್‌ನೆಟ್‌ಗೆ ಜೋಡಿಸಿದ್ದಾರೆ. ಮೊಬೈಲ್‌ನಲ್ಲೇ ಶಾರ್ಟ್‌ವೇವ್ ಬ್ಯಾಂಡ್ ತಿರುಗಿಸಿ ಕೇಳಬಹುದು. ಮೋರ್ಸನ್ನು ಚುಕ್ಕಿ, ಗೆರೆ ಅಂತ ಕಣ್ಣಲ್ಲಿ ಕಲಿಯಬೇಡಿ. ಕಿವಿಯಲ್ಲಿ ಕಲಿತದ್ದು ಮಾತ್ರ ಉಳಿಯುತ್ತದೆ.

ಆಮೇಲೆ ಆಂಟೆನಾ. ದುಡ್ಡು, ಶ್ರಮ ಎರಡನ್ನೂ ಇಲ್ಲಿ ಹಾಕಿ. ಸಾಧಾರಣ ಸೆಟ್‌ಗೆ ಒಳ್ಳೆಯ ಆಂಟೆನಾ ಇದ್ದರೆ ದೇಶವೆಲ್ಲ ಕೇಳಿಸುತ್ತದೆ. ಕೆಟ್ಟ ಆಂಟೆನಾ ಇದ್ದರೆ ಲಕ್ಷದ ಸೆಟ್ಟೂ ಕಿವುಡು. 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್‌ಗೆ, ಅರ್ಧ ತರಂಗದ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ತಂತಿ ಆಂಟೆನಾ, ಒಟ್ಟು ಸುಮಾರು 20 ಮೀಟರ್ ಉದ್ದ. ಆ ಕಡೆ ಹತ್ತು, ಈ ಕಡೆ ಹತ್ತು. ತೋಟ ಇದ್ದವರಿಗೆ ಕಂಬದ ಖರ್ಚೇ ಇಲ್ಲ, ಎರಡು ಸಿಲ್ವರ್ ಮರ ಸಾಕು. ಗಾಳಿಗೆ ಮರ ತೂಗುತ್ತದೆ, ಹಗ್ಗ ಬಿಗಿಯಾಗಿ ಕಟ್ಟಿದರೆ ತಂತಿ ಹರಿಯುತ್ತದೆ. ಸ್ವಲ್ಪ ಸಡಿಲ ಬಿಡಿ. ತಂತಿಯ ಹತ್ತಿರ ಎಲ್ಲೂ ಕರೆಂಟ್ ಲೈನ್ ಹಾದುಹೋಗಬಾರದು.

ಗುಡ್ಡಗಳ ನಾಡಿನಲ್ಲಿ 40 ಮೀಟರ್ ಯಾಕೆ ಅಂದರೆ, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್‌ನ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಹೋಗುತ್ತದೆ. ಅಡ್ಡ ಒಂದು ಬೆಟ್ಟ ಬಂದರೆ ಅಲ್ಲಿಗೇ ಮುಗಿಯಿತು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತವರಿಗೆ ಅದು ವರ. ಅದೇ ಬೆಟ್ಟದ ಬುಡದ ಕಣಿವೆಯಲ್ಲಿ ಇದ್ದವರಿಗೆ ಕಷ್ಟ. 40 ಮೀಟರ್ ಅಲೆ ಹಾಗಲ್ಲ. ಮೇಲೆ ಹೋಗಿ ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ ಕೆಳಗೆ ಇಳಿಯುತ್ತದೆ. ಹಗಲು ಹೊತ್ತಿನಲ್ಲಿ ಬೆಂಗಳೂರು, ಹುಬ್ಬಳ್ಳಿ, ಚೆನ್ನೈ ಆರಾಮಾಗಿ ಸಿಗುತ್ತವೆ.

ಕಾಫಿ ಹೂ ಅರಳಿಸುವ ಹೂಮಳೆ ಬರುವ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಜಾಸ್ತಿ, ಅಲ್ವಾ? ಗುಡುಗು ದೂರದಲ್ಲಿ ಇರುವಾಗಲೇ ಸೆಟ್‌ನಿಂದ ಕೇಬಲ್ ಬಿಚ್ಚಿ ಮನೆಯ ಹೊರಗೆ ಹಾಕಿ. ಪ್ಲಗ್ಗನ್ನೂ ಕಿತ್ತಿಡಿ.

ಇನ್ನು ಸೆಟ್. ಮಲೆನಾಡಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದ ಸೆಟ್ ಅಂದರೆ ಮುಚ್ಚಳ ತೆಗೆಸಿಯೇ ನೋಡಬೇಕು. ಮಳೆಗಾಲದ ಥಂಡಿ ಯಾವುದನ್ನೂ ಬಿಡುವುದಿಲ್ಲ. ಬೋರ್ಡಿನ ಮೇಲೆ ಬೂಸ್ಟು, ಕನೆಕ್ಟರ್ ಒಳಗೆ ಹಸಿರು ಕಿಲುಬು, ಬ್ಯಾಂಡ್ ಸ್ವಿಚ್ಚಿನ ಪಾಯಿಂಟುಗಳ ಮೇಲೆ ಕಪ್ಪು. ಸ್ವಿಚ್ ತಿರುಗಿಸುವಾಗ ಕರಕರ ಸದ್ದು ಬಂದು ಧ್ವನಿ ಬಿಟ್ಟುಬಿಟ್ಟು ಬಂದರೆ ಗಾಬರಿ ಬೇಡ, ಕ್ಲೀನರ್ ಹಾಕಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಆದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ತಲೆ ಉಬ್ಬಿದ್ದರೆ, ಬುಡದಲ್ಲಿ ಅಂಟಿನಂಥ ಕಲೆ ಇದ್ದರೆ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದರೆ ಬಿಟ್ಟು ಬನ್ನಿ.

ಯಾಯೇಸು ಎಫ್‌ಟಿ-101, ಕೆನ್‌ವುಡ್ ಟಿಎಸ್-520 ತರಹದ 1970ರ ದಶಕದ ಸೆಟ್‌ಗಳ ಮೇಲೆ ನನಗೂ ಬಹಳ ಪ್ರೀತಿ. ಆದರೆ ಅವುಗಳ ಕೊನೆಯ ಹಂತದಲ್ಲಿ ವಾಲ್ವ್ ಇರುತ್ತದೆ. ಅಲ್ಲಿರುವುದು ನೂರಾರು ವೋಲ್ಟ್. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿದಿರುತ್ತದೆ, ಪ್ರಾಣ ತೆಗೆಯಬಲ್ಲದು. ಗೊತ್ತಿಲ್ಲದೆ ಒಳಗೆ ಕೈ ಹಾಕಬೇಡಿ. ಹೊರದೇಶದಿಂದ ಬಂದ ಸೆಟ್ ಆದರೆ 110 ವೋಲ್ಟಿಗೆ ಜೋಡಿಸಿದ್ದಾರೋ 230ಕ್ಕೋ ಕೇಳಿ, ಆಮೇಲೆ ಪ್ಲಗ್ ಹಾಕಿ. 1979ರ ಜಿನೀವಾ ಸಮ್ಮೇಳನದಲ್ಲಿ ಹ್ಯಾಮ್‌ಗಳಿಗೆ ಸಿಕ್ಕ 10, 18, 24 ಮೆಗಾಹರ್ಟ್ಸ್ ಬ್ಯಾಂಡುಗಳಲ್ಲಿ ಈ ಸೆಟ್‌ಗಳಿಂದ ಮಾತಾಡಲು ಆಗುವುದಿಲ್ಲ.

ಹೊಸ ಕಾಲದ 100 ವಾಟ್ ಸೆಟ್ 13.8 ವೋಲ್ಟಿನಲ್ಲಿ ನಡೆಯುತ್ತದೆ. ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ಆ ಪವರ್ ಸಪ್ಲೈಯನ್ನೂ ಲೆಕ್ಕಕ್ಕೆ ಹಿಡಿದು ಚೌಕಾಸಿ ಮಾಡಿ. ರಿಸೀವರ್ ಚೆನ್ನಾಗಿ ಕೇಳಿಸಿತು ಅಂತ ದುಡ್ಡು ಕೊಟ್ಟುಬಿಡಬೇಡಿ. ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ ಹಾಕಿಸಿ, ಮಾರುವವರ ಕೈಯಲ್ಲೇ ಒಂದೊಂದು ಬ್ಯಾಂಡಿನಲ್ಲೂ ಟ್ರಾನ್ಸ್‌ಮಿಟ್ ಮಾಡಿಸಿ, ವಾಟ್ ಮೀಟರ್ ನೋಡಿ. ಒಂದು ಬ್ಯಾಂಡಿನಲ್ಲಿ ಮುಳ್ಳು ಏಳದಿದ್ದರೆ ಯಾಕೆ ಅಂತ ಕೇಳಿ. ಪ್ರಾಮಾಣಿಕರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊಬೈಲ್ ಇರುವಾಗ ಇಷ್ಟೆಲ್ಲ ಯಾಕೆ ಎಂದು ಮನೆಯವರು ಕೇಳಬಹುದು. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಕಾರ್ಯಕ್ರಮಕ್ಕೆಂದು ಭಾರತಿ ಪ್ರಸಾದ್ ಮತ್ತವರ ತಂಡ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಸುನಾಮಿ ಬಂದಾಗ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಅದೇ ಸೆಟ್‌ಗಳು. ನಮ್ಮಲ್ಲೂ ಆಗಸ್ಟ್ ಮಳೆಯಲ್ಲಿ ಗುಡ್ಡ ಜರಿದು, ಕರೆಂಟ್ ಹೋಗಿ, ಟವರಿನ ಬ್ಯಾಟರಿ ಇಳಿದಾಗ ಕಾರ್ ಬ್ಯಾಟರಿಗೆ ಸೆಟ್ ಜೋಡಿಸಿ ಕೂರುವ ಒಬ್ಬರು ತಾಲೂಕಿಗೆ ಬೇಕೇ ಬೇಕು.

ಕೊನೆಗೆ, ತೀರಿಕೊಂಡ ಹ್ಯಾಮ್‌ಗಳ ಮನೆಯವರಲ್ಲಿ ಒಂದು ವಿನಂತಿ. ಅಟ್ಟದ ಮೇಲಿರುವ ಸೆಟ್ಟನ್ನು ಗುಜರಿಗೆ ಹಾಕಬೇಡಿ. ಕೆಲಸ ಮಾಡುತ್ತಾ ನೋಡೋಣ ಅಂತ ಪ್ಲಗ್ಗಿಗೂ ಹಾಕಬೇಡಿ. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಕರೆದು ತೋರಿಸಿ. ಸೆಟ್ ಕೊಡುವಾಗ ಜೊತೆಗಿದ್ದ ಮೈಕ್, ಕೇಬಲ್, ಮ್ಯಾನ್ಯುಯಲ್ ಎಲ್ಲ ಒಟ್ಟಿಗೇ ಕೊಡಿ. ಹಳೇ ಸೆಟ್ಟಿಗೆ ಹೊಂದುವ ಮೈಕ್ ಹುಡುಕುವುದು ಸೆಟ್ ಹುಡುಕುವುದಕ್ಕಿಂತ ಕಷ್ಟ.

ನಮಸ್ಕಾರ.