ಓಸ್ಟಿಯಾ ಆಂಟಿಕಾ: ರೋಮ್‌ಗೆ ಅನ್ನ ಹಾಕಿದ ಊರು

ನಮಸ್ಕಾರ ಎಲ್ಲರಿಗೂ. ನೀವೀಗ ನೋಡುತ್ತಿರುವ ಈ ಕಪ್ಪು ಕಲ್ಲಿನ ರಸ್ತೆಯ ಹೆಸರು ಡೆಕುಮಾನಸ್ ಮ್ಯಾಕ್ಸಿಮಸ್. ರೋಮ್ ಹತ್ತಿರದ ಪುರಾತನ ಬಂದರು ಊರು ಓಸ್ಟಿಯಾ ಆಂಟಿಕಾದ ಮುಖ್ಯ ಬೀದಿ ಇದು. ಒಂದು ಕಿಲೋಮೀಟರಿಗಿಂತ ಜಾಸ್ತಿ ಉದ್ದ ಇದೆ.

ರೋಮ್‌ಗೆ ಬಂದವರು ಕೊಲೋಸಿಯಂ ನೋಡುತ್ತಾರೆ. ಇನ್ನೂ ಒಂದು ದಿನ ಸಿಕ್ಕರೆ ಪಾಂಪೆಯಿಗೆ ಓಡುತ್ತಾರೆ. ನಾನಂತೂ ಇಲ್ಲಿಗೂ ಬನ್ನಿ ಅನ್ನುತ್ತೇನೆ. ಇಲ್ಲಿ ಕಣ್ಣಿಗೆ ಬೀಳುವುದು ಚಕ್ರವರ್ತಿಗಳಲ್ಲ, ದುಡಿಯುವ ಜನ. ಹಮಾಲರು, ಹಡಗಿನವರು, ರೊಟ್ಟಿ ಸುಡುವವರು, ಬೆಂಕಿ ಆರಿಸುವವರು.

ಟೈಬರ್ ನದಿ ಸಮುದ್ರ ಸೇರುವ ಕಡೆ ಈ ಊರು ಹುಟ್ಟಿತು. ರೋಮ್‌ನ ಲಕ್ಷಾಂತರ ಜನರ ಹೊಟ್ಟೆಗೆ ಸುತ್ತಮುತ್ತಲಿನ ಗೋಧಿ ಸಾಲುತ್ತಿರಲಿಲ್ಲ. ಈಜಿಪ್ಟಿನಿಂದ, ಉತ್ತರ ಆಫ್ರಿಕಾದಿಂದ ಹಡಗಿನಲ್ಲಿ ತರಿಸಬೇಕಿತ್ತು. ದೊಡ್ಡ ಹಡಗುಗಳು ನದಿಯಲ್ಲಿ ರೋಮ್‌ವರೆಗೆ ಹೋಗಲಾರವು. ಹಾಗಾಗಿ ಸರಕನ್ನೆಲ್ಲ ಇಳಿಸಿ ಚಿಕ್ಕ ದೋಣಿಗಳಿಗೆ ತುಂಬುತ್ತಿದ್ದರು. ಆ ದೋಣಿಗಳಿಗೆ ಹಗ್ಗ ಕಟ್ಟಿ, ದಡದ ಮೇಲೆ ನಡೆಯುತ್ತಾ, ಹರಿವಿಗೆ ಎದುರಾಗಿ ಎಳೆಯುತ್ತಿದ್ದರು. ರೋಮ್‌ನ ಪ್ರತಿ ರೊಟ್ಟಿಯ ಹಿಂದೆ ಇಷ್ಟು ಜನರ ಬೆವರಿತ್ತು.

ಈಗ ಬಂದಿರುವುದು ಗೋದಾಮಿಗೆ. ನೆಲ ನೋಡಿ. ಕೆಳಗೆ ಗಿಡ್ಡ ಗೋಡೆಗಳನ್ನು ಸಾಲಾಗಿ ಕಟ್ಟಿ, ಅದರ ಮೇಲೆ ನೆಲ ಹಾಸಿದ್ದರು. ಅಡಿಯಲ್ಲಿ ಗಾಳಿ ಆಡಬೇಕು, ಕಾಳಿಗೆ ತೇವ ತಾಗಬಾರದು, ಅಷ್ಟೇ ಲೆಕ್ಕ. ಸ್ವಲ್ಪ ದೂರದಲ್ಲಿ ಎಣ್ಣೆ, ದ್ರಾಕ್ಷಾರಸ ತುಂಬುವ ಭಾರಿ ಮಣ್ಣಿನ ಗುಡಾಣಗಳಿವೆ. ಕುತ್ತಿಗೆವರೆಗೆ ನೆಲದಲ್ಲಿ ಹೂತಿದ್ದಾರೆ. ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ ಹಗೇವು ತೋಡುತ್ತಿದ್ದರಲ್ಲ, ನೋಡಿದ ಕೂಡಲೇ ನನಗೆ ಅದೇ ನೆನಪಾಯಿತು. ಕೆಲವು ಗುಡಾಣದ ಬಾಯಿಯ ಮೇಲೆ ಎಷ್ಟು ಹಿಡಿಯುತ್ತದೆ ಅನ್ನುವುದನ್ನೂ ಕೊರೆದಿದ್ದಾರೆ.

ಇಷ್ಟು ಧಾನ್ಯ ಒಂದೇ ಕಡೆ ಇದ್ದರೆ ಬೆಂಕಿಯ ಭಯ ಇರುತ್ತದೆ, ಅಲ್ವಾ? ಅದಕ್ಕೇ ಕ್ಲಾಡಿಯಸ್ ಚಕ್ರವರ್ತಿ ಇಲ್ಲಿ ಬೆಂಕಿ ಆರಿಸುವ ಪಡೆಯನ್ನೇ ಇರಿಸಿದ. ಅವರಿದ್ದ ಕಟ್ಟಡ ನೆಪ್ಚೂನ್ ಸ್ನಾನಗೃಹದ ಹಿಂದೆಯೇ ಇದೆ. ಆ ಸ್ನಾನಗೃಹದ ನೆಲವನ್ನು ಮೇಲಿನ ಕಟ್ಟೆಯಿಂದ ನೋಡಬೇಕು. ಕಪ್ಪು ಬಿಳುಪು ಚೂರುಗಳಲ್ಲಿ ಸಮುದ್ರದೇವ ನಾಲ್ಕು ಕುದುರೆಗಳನ್ನು ಓಡಿಸುತ್ತಿದ್ದಾನೆ.

ಇನ್ನು ನನಗೆ ಅತಿ ಇಷ್ಟವಾದ ಜಾಗ. ನಾಟಕಶಾಲೆಯ ಹಿಂದೆ ಒಂದು ದೊಡ್ಡ ಚೌಕ. ಅದರ ಸುತ್ತ ಸುಮಾರು 60 ಚಿಕ್ಕ ಕೋಣೆಗಳು. ಹಡಗಿನ ಯಜಮಾನರು, ವ್ಯಾಪಾರಿಗಳು ಇಲ್ಲಿ ಕೂರುತ್ತಿದ್ದರು. ಒಂದೊಂದು ಕೋಣೆಯ ಮುಂದೆಯೂ ನೆಲದಲ್ಲೇ ಬೋರ್ಡು! ಹಡಗು, ದೀಪಸ್ತಂಭ, ಡಾಲ್ಫಿನ್, ಗೋಧಿ ಅಳೆಯುವ ಅಳತೆ ಪಾತ್ರೆ. ಈ ಆನೆ ಇರುವುದು ಸಬ್ರಾಥಾದವರ ಕೋಣೆ. ಆ ಊರು ಇವತ್ತಿನ ಲಿಬಿಯಾದಲ್ಲಿದೆ. ಓದಲು ಬಾರದ ಕೂಲಿಯವನಿಗೂ ಯಾರ ಕಚೇರಿ ಅಂತ ಗೊತ್ತಾಗುತ್ತಿತ್ತು. ಇನ್ನೊಂದರಲ್ಲಿ ಒಬ್ಬ ಹಮಾಲ ಜಾಡಿ ಹೊತ್ತು ಒಂದು ಹಡಗಿನಿಂದ ಇನ್ನೊಂದಕ್ಕೆ ದಾಟುತ್ತಿದ್ದಾನೆ. ಆಗ ಹೇಳಿದೆನಲ್ಲ, ಆ ಕೆಲಸವೇ ಇದು. ಅವನ ಹೆಸರು ಯಾರೂ ಬರೆದಿಡಲಿಲ್ಲ. ಆದರೆ ಅವನ ದುಡಿಮೆಯ ಚಿತ್ರ ಉಳಿದಿದೆ. ಇದರ ಮುಂದಿನಿಂದ ಹೊರಡಲು ನನಗೆ ಮನಸ್ಸೇ ಬರಲಿಲ್ಲ.

ಮುಂದೆ ಬೇಕರಿ. ಕಪ್ಪು ಲಾವಾ ಕಲ್ಲಿನ ಬೀಸುವ ಯಂತ್ರಗಳು, ಕತ್ತೆ ಕಟ್ಟಿ ತಿರುಗಿಸುತ್ತಿದ್ದದ್ದು. ಅದರ ಆಚೆ ಬಾಡಿಗೆ ಮನೆಗಳ ಮಹಡಿ ಕಟ್ಟಡಗಳು. ಕೆಳಗೆ ಅಂಗಡಿ, ಮೇಲೆ ಸಂಸಾರ, ಮೆಟ್ಟಿಲು ನೇರ ಬೀದಿಗೇ ಇಳಿಯುತ್ತದೆ. ಡಯಾನಾ ಬೀದಿಯಲ್ಲಿ ಒಂದು ಖಾನಾವಳಿ ಇದೆ. ಅಮೃತಶಿಲೆಯ ಕೌಂಟರ್ ಹಾಗೇ ಇದೆ. ಗೋಡೆ ಮೇಲೆ ತಿನಿಸಿನ ಚಿತ್ರಗಳಿವೆ, ಹಿತ್ತಲಲ್ಲಿ ಕೂರಲು ಜಾಗ, ಒಂದು ಕಾರಂಜಿ.

ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿ ಕೋಳಿ ಮಾರುವ ಹೆಂಗಸಿನ ಒಂದು ಕಲ್ಲಿನ ಫಲಕ ಇದೆ, ಅಂಗಡಿ ಕಟ್ಟೆಯ ಮೇಲೆ ಎರಡು ಕೋತಿ ಬೇರೆ! ಸ್ಕ್ರಿಬೋನಿಯಾ ಅಟ್ಟಿಕೆ ಅನ್ನುವ ಸೂಲಗಿತ್ತಿಯ ಸಮಾಧಿಯ ಫಲಕವೂ ಇದೆ. ಹೆರಿಗೆ ಕುರ್ಚಿಯಲ್ಲಿ ಬಸುರಿ, ಹಿಂದಿನಿಂದ ಹಿಡಿದುಕೊಂಡ ಒಬ್ಬಳು, ಮುಂದೆ ಕೂತ ಸೂಲಗಿತ್ತಿ. ದೇವರ ಚಿತ್ರವಲ್ಲ, ತನ್ನ ಕಸುಬಿನ ಚಿತ್ರವನ್ನೇ ಸಮಾಧಿಗೆ ಹಾಕಿಸಿದ್ದಾಳೆ. ಎಷ್ಟು ಅಭಿಮಾನ ಇದ್ದಿರಬೇಕು ನೋಡಿ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೆಯಿಯ ಹಾಗೆ ಈ ಊರು ಏಕಾಏಕಿ ಮುಚ್ಚಿಹೋಗಲಿಲ್ಲ. ವ್ಯಾಪಾರ ಇಳಿಯಿತು, ನದಿ ಹೂಳು ತುಂಬಿತು, ಮಲೇರಿಯಾ ಬಂತು, ಜನ ಮೆಲ್ಲಗೆ ಖಾಲಿ ಮಾಡಿದರು. 1557ರ ಪ್ರವಾಹದಲ್ಲಿ ನದಿಯೇ ದಾರಿ ಬದಲಿಸಿತು. ಇವತ್ತು ಸಮುದ್ರ ಸುಮಾರು 3 ಕಿಲೋಮೀಟರ್ ಆಚೆ ಇದೆ. ಈಗ ಕಾಣುವುದರಲ್ಲಿ ಬಹುಪಾಲು ಅಗೆದದ್ದು 1938ರಿಂದ 1942ರ ನಡುವೆ. ರೋಮ್‌ನಲ್ಲಿ ನಡೆಯಬೇಕಿದ್ದ ವಿಶ್ವ ಮೇಳಕ್ಕೆ ಅಂತ ತುಂಬ ಅವಸರದಲ್ಲಿ ಅಗೆದರು. ಮೇಳ ಯುದ್ಧದಿಂದಾಗಿ ನಡೆಯಲೇ ಇಲ್ಲ.

ಬರುವುದು ಸುಲಭ. ಪಿರಮಿಡೆ ಮೆಟ್ರೋ ಪಕ್ಕದ ಪೋರ್ಟಾ ಸ್ಯಾನ್ ಪಾವ್ಲೋ ನಿಲ್ದಾಣದಿಂದ ರೈಲು, ಅರ್ಧ ಗಂಟೆ. ಸೋಮವಾರ ರಜೆ. ನೆರಳು ಕಡಿಮೆ, ನೀರು ಇಟ್ಟುಕೊಳ್ಳಿ.

ಮುಂದಿನ ವಿಡಿಯೋದಲ್ಲಿ ಪೋರ್ಟಸ್. ಕ್ಲಾಡಿಯಸ್ ಶುರು ಮಾಡಿಸಿ, ಟ್ರಾಜನ್ ಚಕ್ರವರ್ತಿ ಬೆಳೆಸಿದ ಬಂದರು ಅದು. ಫಿಯುಮಿಚಿನೊ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಕಿಟಕಿ ಸೀಟು ಸಿಕ್ಕರೆ ವಿಮಾನ ಇಳಿಯುವಾಗ ಕೆಳಗೆ ನೋಡುತ್ತಿರಿ, ಆರು ಮೂಲೆಯ ಕೊಳ ಕಂಡರೆ ಅದೇ ಟ್ರಾಜನ್‌ನ ಬಂದರು.