ಯಕೃತ್ತಿನ ಕೋಶದಲ್ಲಿ ಕೊಬ್ಬಿನ ಹನಿ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಯಕೃತ್ತಿನ ಸಣ್ಣ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದಾಗ, ಪ್ರಯೋಗಾಲಯದಲ್ಲಿ ಅದನ್ನು ಆಲ್ಕೋಹಾಲು ಮತ್ತು ಜೈಲೀನ್ ದ್ರವಗಳಲ್ಲಿ ಅದ್ದಿ, ಮೇಣದಲ್ಲಿ ಹುದುಗಿಸಿ, ಅತಿ ತೆಳುವಾಗಿ ಸೀಳಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದರೆ, ಗುಲಾಬಿ ಬಣ್ಣದ ಕೋಶಗಳ ಒಳಗೆ ದುಂಡನೆಯ ಬಿಳಿಯ ರಂಧ್ರಗಳು ಕಾಣುತ್ತವೆ. ಅವು ನಿಜಕ್ಕೂ ರಂಧ್ರಗಳಲ್ಲ. ಅಲ್ಲಿದ್ದ ಕೊಬ್ಬನ್ನು ಆ ದ್ರವಗಳೇ ಕರಗಿಸಿ ಒಯ್ದಿರುತ್ತವೆ. ಕೊಬ್ಬನ್ನೇ ನೋಡಬೇಕೆಂದರೆ ಚೂರನ್ನು ಹೆಪ್ಪುಗಟ್ಟಿಸಿ ಸೀಳಿ, ಆಯಿಲ್ ರೆಡ್ ಓ ಎಂಬ ಬಣ್ಣವನ್ನು ಹಚ್ಚಬೇಕು. ಆಗ ಅದೇ ಜಾಗದಲ್ಲಿ ಕಡುಗೆಂಪು ಹನಿಗಳು ಹೊಳೆಯುತ್ತವೆ. ಬಹುಕಾಲ ಈ ಹನಿಗಳನ್ನು ಕೋಶದ ಮೂಲೆಯಲ್ಲಿ ಬಿದ್ದಿರುವ ನಿರ್ಜೀವ ದಾಸ್ತಾನು ಎಂದೇ ಎಣಿಸಲಾಗಿತ್ತು. ಅವು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಂತೆಯೇ, ಕೋಶದ ದುಡಿಯುವ ಅಂಗಕಗಳು ಎಂಬ ತಿಳಿವಳಿಕೆ ಬೇರೂರಿದ್ದು ಕಳೆದ ಕೆಲವು ದಶಕಗಳಲ್ಲಿ. ಇಂದು ನಾನು ಹೇಳಬಯಸುವುದು ಈ ಹನಿಯ ಹುಟ್ಟು ಮತ್ತು ಕರಗುವಿಕೆಯ ವಿಚಾರ.

ಹನಿಯ ಒಳಗಿರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್, ಅಂದರೆ ಗ್ಲಿಸರಾಲಿನ ಒಂದು ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಜೋಡಿಸಿಕೊಂಡ ರೂಪ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದಲ್ಲಿ ಈ ಜೋಡಣೆ ನಡೆಯುತ್ತದೆ. ಪೊರೆಯ ಎರಡು ಪದರಗಳ ನಡುವೆ ಕೊಬ್ಬು ಸಂಗ್ರಹವಾಗುತ್ತ ಉಬ್ಬಿ, ಹನಿಯಾಗಿ ಹೊರಬರುತ್ತದೆ. ಹಾಗೆ ಹೊರಬರುವಾಗ ಅದು ಒಂದೇ ಪದರದ ಹೊದಿಕೆಯನ್ನು ಹೊದ್ದಿರುತ್ತದೆ. ಕೋಶದ ಇತರ ಅಂಗಕಗಳಿಗೆ ಎರಡು ಪದರದ ಪೊರೆಯಿರುವಾಗ ಇದಕ್ಕೆ ಮಾತ್ರ ಒಂದೇ ಪದರವಿರುವುದು ಗಮನಿಸಬೇಕಾದ ಸಂಗತಿ. ಆ ಪದರದ ಮೇಲೆ ಪೆರಿಲಿಪಿನ್ ಮೊದಲಾದ ಪ್ರೋಟೀನುಗಳು ಕುಳಿತು, ಕೊಬ್ಬನ್ನು ಒಡೆಯುವ ಕಿಣ್ವಗಳಿಗೆ ಯಾವಾಗ ಪ್ರವೇಶ ಸಿಗಬೇಕೆಂಬುದನ್ನು ನಿಯಂತ್ರಿಸುತ್ತವೆ.

ಯಕೃತ್ತಿನ ಕೊಬ್ಬೆಲ್ಲ ನಾವು ತಿಂದ ಎಣ್ಣೆ ತುಪ್ಪದಿಂದಲೇ ಬಂದದ್ದೆಂದು ಅನೇಕರು ಭಾವಿಸುತ್ತಾರೆ. 2005ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ ಕೆಲವರ ಮೇಲೆ ನಡೆದ ಅಧ್ಯಯನವೊಂದು ಪರಮಾಣುಗಳಿಗೆ ಗುರುತು ಹಾಕಿ ಇದರ ಜಾಡನ್ನು ಹಿಡಿಯಿತು. ಅವರ ಯಕೃತ್ತಿನ ಟ್ರೈಗ್ಲಿಸರೈಡಿನಲ್ಲಿ ಸುಮಾರು ಶೇ. 59 ಭಾಗ ರಕ್ತದಲ್ಲಿ ಹರಿದು ಬರುವ ಕೊಬ್ಬಿನಾಮ್ಲಗಳಿಂದ, ಹೆಚ್ಚಾಗಿ ಮೈಯ ಕೊಬ್ಬಿನ ಅಂಗಾಂಶ ಬಿಟ್ಟುಕೊಟ್ಟವುಗಳಿಂದ ಬಂದಿತ್ತು, ಶೇ. 26ರಷ್ಟನ್ನು ಯಕೃತ್ತು ತಾನೇ, ಬಹುಪಾಲು ಸಕ್ಕರೆ ಪಿಷ್ಟಗಳಿಂದ, ತಯಾರಿಸಿತ್ತು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ. ಅನ್ನ, ಸಿಹಿ ಮತ್ತು ಸಕ್ಕರೆ ಪಾನೀಯಗಳೇ ಊಟದ ಬಹುಭಾಗವಾಗಿರುವ ಮನೆಗಳವರು, ಎಣ್ಣೆ ಕಡಿಮೆ ಮಾಡಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ ಎಂಬುದನ್ನು ಈ ಎರಡನೆಯ ಅಂಕಿ ಸೂಚಿಸುತ್ತದೆ.

ಹಾಗಾದರೆ ಕೊಬ್ಬು ಹನಿಯಾಗುವುದೇ ರೋಗವೇ? ಅಲ್ಲವೆಂದು ನಾನು ಒತ್ತಿ ಹೇಳುತ್ತೇನೆ. ಬಿಡಿ ಕೊಬ್ಬಿನಾಮ್ಲಗಳು ಕೋಶಕ್ಕೆ ವಿಷಕಾರಿ. ಅವನ್ನು ಟ್ರೈಗ್ಲಿಸರೈಡಾಗಿ ಕಟ್ಟಿ ಹನಿಯೊಳಗೆ ಇಡುವುದು ಕೋಶದ ಆತ್ಮರಕ್ಷಣೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಥೂಲ ಇಲಿಗಳ ಯಕೃತ್ತಿನಲ್ಲಿ ಟ್ರೈಗ್ಲಿಸರೈಡಿನ ಕೊನೆಯ ಜೋಡಣೆ ಮಾಡುವ ಕಿಣ್ವವನ್ನು ತಡೆಹಿಡಿದಾಗ ಕೊಬ್ಬಿನ ಹನಿಗಳೇನೋ ಕಡಿಮೆಯಾದವು, ಆದರೆ ಯಕೃತ್ತಿನ ಹಾನಿ ಮತ್ತು ನಾರುಗಟ್ಟುವಿಕೆ ಹೆಚ್ಚಾದವು. ಅಷ್ಟೇ ಅಲ್ಲ, ಒಂದು ರಾತ್ರಿ ಉಪವಾಸವಿಟ್ಟ ಇಲಿಯ ಯಕೃತ್ತಿನಲ್ಲೂ ಹನಿಗಳು ಹೆಚ್ಚುತ್ತವೆ. ಉಪವಾಸದಲ್ಲಿ ಇನ್ಸುಲಿನ್ ಇಳಿದು, ಮೈಯ ಕೊಬ್ಬು ಕರಗಿ ಯಕೃತ್ತಿನತ್ತ ಹರಿಯುತ್ತದೆ. ಸುಡುವ ಮೊದಲು ಅದನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳಲು ಹನಿಯೇ ನೆಲೆ.

ಹನಿಯನ್ನು ಒಡೆಯಲು ಕೋಶಕ್ಕೆ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಲೈಪೇಸ್ ಕಿಣ್ವಗಳು ಹನಿಯ ಮೇಲ್ಮೈಗೆ ಬಂದು ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಕತ್ತರಿಸುತ್ತವೆ. ಎರಡನೆಯ ದಾರಿ ಬೆಳಕಿಗೆ ಬಂದದ್ದು 2009ರಲ್ಲಿ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ರಜತ್ ಸಿಂಗ್, ಅನಾ ಮರಿಯಾ ಕುವೆರ್ವೊ, ಮಾರ್ಕ್ ಚಾಯ ಮತ್ತು ಸಂಗಡಿಗರು, ಕೋಶವು ಹನಿಯನ್ನು ಅಥವಾ ಅದರ ತುಣುಕನ್ನು ಪೊರೆಯೊಂದರಲ್ಲಿ ಸುತ್ತಿ, ಕೋಶದ ಜೀರ್ಣಚೀಲವಾದ ಲೈಸೊಸೋಮಿಗೆ ಒಪ್ಪಿಸುವುದನ್ನು ತೋರಿಸಿಕೊಟ್ಟರು. ಲೈಸೊಸೋಮಿನ ಒಳಗೆ ಆಮ್ಲೀಯ ವಾತಾವರಣದಲ್ಲಿ ಕೆಲಸ ಮಾಡುವ ಬೇರೆಯೇ ಲೈಪೇಸ್ ಅದನ್ನು ಜೀರ್ಣಿಸುತ್ತದೆ. ಈ ಕಿಣ್ವ ಹುಟ್ಟಿನಿಂದಲೇ ಪೂರ್ತಿ ಇಲ್ಲವಾದ ಶಿಶುಗಳಲ್ಲಿ ವೋಲ್ಮನ್ ಕಾಯಿಲೆ ಕಾಣಿಸಿಕೊಂಡು ಯಕೃತ್ತು ಊದಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಮಗು ಮೊದಲ ವರ್ಷದಲ್ಲೇ ತೀರಿಕೊಳ್ಳುವುದುಂಟು. ಈ ದಾರಿ ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕಿಲ್ಲ.

ಹನಿಯ ಗಾತ್ರವೂ ಮುಖ್ಯ. ಇಡೀ ಬೆಲ್ಲದಚ್ಚಿಗಿಂತ ಪುಡಿಮಾಡಿದ ಬೆಲ್ಲ ಬೇಗ ಕರಗುವಂತೆ, ಸಣ್ಣ ಹನಿಗಳ ಮೇಲೆ ಕಿಣ್ವಗಳಿಗೆ ದಕ್ಕುವ ಜಾಗ ಹೆಚ್ಚು. ಯಕೃತ್ತಿನ ಕೋಶಗಳಲ್ಲಿ ಮೇಲ್ಮೈ ಲೈಪೇಸುಗಳು ದೊಡ್ಡ ಹನಿಗಳನ್ನು ಮೊದಲು ಕುಗ್ಗಿಸುತ್ತವೆ, ಹಾಗೆ ಸಣ್ಣದಾದವನ್ನೇ ಲೈಸೊಸೋಮು ಹೆಚ್ಚಾಗಿ ಕಬಳಿಸುತ್ತದೆ ಎಂದು 2019ರ ಸಂಶೋಧನೆಯೊಂದು ತೋರಿಸಿತು.

ಬಿಡುಗಡೆಯಾದ ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾವನ್ನು ಹೊಕ್ಕರೆ ಸುಡುತ್ತದೆ. ಅದು ಹೇಗೆ ಸುಡುತ್ತದೆಂಬುದನ್ನು 1904ರಲ್ಲಿ ಜರ್ಮನಿಯ ಫ್ರಾನ್ಸ್ ಕ್ನೂಪ್ ಬಹಳ ಸರಳವಾಗಿ ಪತ್ತೆಹಚ್ಚಿದರು. ದೇಹ ಒಡೆಯಲಾರದ ಫೀನೈಲ್ ಉಂಗುರವನ್ನು ಕೊಬ್ಬಿನಾಮ್ಲದ ತುದಿಗೆ ಅಂಟಿಸಿ ನಾಯಿಗಳಿಗೆ ತಿನ್ನಿಸಿ, ಅವುಗಳ ಮೂತ್ರವನ್ನು ಪರೀಕ್ಷಿಸಿದರು. ಸರಪಳಿಯಲ್ಲಿ ಬೆಸ ಸಂಖ್ಯೆಯ ಇಂಗಾಲಗಳಿದ್ದರೆ ಬೆಂಜೋಯಿಕ್ ಆಮ್ಲದ ರೂಪವೂ, ಸಮ ಸಂಖ್ಯೆಯಿದ್ದರೆ ಫೀನೈಲ್ ಅಸಿಟಿಕ್ ಆಮ್ಲದ ರೂಪವೂ ದೊರೆತವು. ಅಂದಮೇಲೆ ಸರಪಳಿ ಎರಡೆರಡೇ ಇಂಗಾಲಗಳಂತೆ ಕತ್ತರಿಸಲ್ಪಡುತ್ತದೆ. 16 ಇಂಗಾಲಗಳ ಪಾಮಿಟಿಕ್ ಆಮ್ಲ ಏಳು ಸುತ್ತಿನಲ್ಲಿ ಎಂಟು ತುಂಡಾಗುತ್ತದೆ. ಮೈಟೊಕಾಂಡ್ರಿಯಾದ ಬಾಗಿಲಲ್ಲಿ ಕಾರ್ನಿಟೀನ್ ಎಂಬ ಅಣುವಿನ ನೆರವು ಬೇಕು. ಉಂಡ ನಂತರ, ಕೋಶವು ಹೊಸ ಕೊಬ್ಬನ್ನು ಕಟ್ಟುತ್ತಿರುವಾಗ ಉಂಟಾಗುವ ಮೆಲೊನೈಲ್ ಕೋಎ ಎಂಬ ಅಣು ಈ ಬಾಗಿಲನ್ನು ಮುಚ್ಚುತ್ತದೆ. ಆದ್ದರಿಂದಲೇ ಕಟ್ಟುವ ಕೆಲಸ ಬಿರುಸಾಗಿರುವಾಗ ಸುಡುವ ಕೆಲಸ ಹಿಂದೆ ಸರಿಯುತ್ತದೆ. ಉಪವಾಸದಲ್ಲಿ ಯಕೃತ್ತು ಆ ತುಂಡುಗಳಿಂದ ಕೀಟೋನುಗಳೆಂಬ ಇಂಧನವನ್ನು ಮಾಡಿ ಮೆದುಳಿಗೂ ಹೃದಯಕ್ಕೂ ಕಳುಹಿಸುತ್ತದೆ, ಆದರೆ ಅವನ್ನು ಬಳಸುವ ಕಿಣ್ವ ತನ್ನಲ್ಲಿಲ್ಲದ್ದರಿಂದ ತಾನು ಮಾತ್ರ ಉಪಯೋಗಿಸಿಕೊಳ್ಳಲಾರದು. ಸುಡದೆ ಉಳಿದ ಕೊಬ್ಬಿನ ಒಂದು ಭಾಗವನ್ನು, ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ.

ಒಳಬರುವುದು ಮತ್ತು ತಾನೇ ಕಟ್ಟುವುದು ಸೇರಿ, ಸುಡುವುದನ್ನೂ ಹೊರಗೆ ಕಳುಹಿಸುವುದನ್ನೂ ತಿಂಗಳುಗಟ್ಟಲೆ ಮೀರಿದರೆ ಕೊಬ್ಬು ಯಕೃತ್ತಿನಲ್ಲೇ ಉಳಿದುಬಿಡುತ್ತದೆ. ಶೇ. 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಹನಿಗಳು ಕಂಡರೆ ಅದು ಫ್ಯಾಟಿ ಲಿವರ್. ಮದ್ಯ ಕುಡಿದಾಗ ಯಕೃತ್ತು ಮೊದಲು ಅದನ್ನೇ ಸುಡಬೇಕಾಗಿ ಬಂದು ಕೊಬ್ಬಿನ ದಹನ ಕುಂಠಿತವಾಗುತ್ತದೆ. ಕುಡಿಯದವರಲ್ಲೂ ಈ ತೊಂದರೆ ವ್ಯಾಪಕವಾಗಿರುವುದರಿಂದ 2021ರಲ್ಲಿ ಭಾರತ ಸರ್ಕಾರ ಇದನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ಮೈತೂಕದ ಶೇ. 7ರಿಂದ 10ರಷ್ಟು ಇಳಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ಸ್ಪಷ್ಟವಾಗಿ ತಗ್ಗುತ್ತವೆ. ಆದರೆ ಊಟವನ್ನೇ ಬಿಟ್ಟು ಕೆಲವೇ ದಿನಗಳಲ್ಲಿ ತೂಕ ಇಳಿಸಹೊರಟರೆ, ಮೈಯ ಕೊಬ್ಬು ಒಮ್ಮೆಲೇ ಕರಗಿ ಯಕೃತ್ತಿನತ್ತ ನುಗ್ಗಿ, ಈಗಾಗಲೇ ತುಂಬಿದ ಕೋಶಗಳ ಮೇಲೆಯೇ ಹೊರೆ ಹೇರುತ್ತದೆ. ವೈದ್ಯರು ವಾರಕ್ಕೆ ಅರ್ಧದಿಂದ ಒಂದು ಕಿಲೋದಂತೆ ನಿಧಾನವಾಗಿ ಇಳಿಸಲು ಹೇಳುವುದು ಈ ಕಾರಣಕ್ಕೂ ಹೌದು.

ನಮಸ್ಕಾರ.